ಸಾಕ್ರೆಟಿಸನ ವಿಚಾರಣೆ ಮತ್ತು ಮೂವತ್ತು ಮತಗಳ ಲೆಕ್ಕ

ಮಾನ್ಯ ಸಂಪಾದಕರೇ,

ಪ್ರಾಚೀನ ಗ್ರೀಕ್ ಚಿಂತನೆಯ ಕುರಿತು ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನಕ್ಕೆ ಈ ಪ್ರತಿಕ್ರಿಯೆ. ಅಥೆನ್ಸಿನ ಜನ ಆವೇಶದಲ್ಲಿ ಸಾಕ್ರೆಟಿಸನಿಗೆ ವಿಷ ಕುಡಿಸಿದರು, ಅದರಿಂದ ರೋಸಿಹೋದ ಅವನ ಶಿಷ್ಯ ಪ್ಲೇಟೊ ಜನರ ಆಳ್ವಿಕೆಯನ್ನೇ ತಿರಸ್ಕರಿಸಿದ, ಒಟ್ಟಿನಲ್ಲಿ ಗ್ರೀಕರಿಗೆ ರಾಜ್ಯವೇ ಸರ್ವಸ್ವ, ವ್ಯಕ್ತಿ ನಗಣ್ಯ ಎಂಬುದು ಲೇಖನದ ಸಾರ. ಕಾಲೇಜು ನೋಟ್ಸುಗಳಲ್ಲೂ ಸ್ಪರ್ಧಾತ್ಮಕ ಪರೀಕ್ಷೆಗಳ ಗೈಡುಗಳಲ್ಲೂ ಇದೇ ಮೂರು ಮಾತು ಕಾಣಸಿಗುತ್ತವೆ. ಮೂರೂ ಅರೆಬರೆ. ಅಥೆನ್ಸಿನ ನ್ಯಾಯಾಲಯ ಹೇಗೆ ನಡೆಯುತ್ತಿತ್ತು ಎಂಬುದನ್ನು ಬದಿಗಿಟ್ಟು ಗ್ರೀಕರ ನ್ಯಾಯಚಿಂತನೆಯನ್ನು ಓದಿದರೆ ಈ ತಪ್ಪು ಆಗಿಯೇ ಆಗುತ್ತದೆ. ಪ್ಲೇಟೊ, ಅರಿಸ್ಟಾಟಲ್ ಇಬ್ಬರೂ ಆ ನ್ಯಾಯಾಲಯವನ್ನು ಕಣ್ಣೆದುರಿಗಿಟ್ಟುಕೊಂಡೇ ಬರೆದವರು.

ಮೊದಲು ಮೊಕದ್ದಮೆ. ಕ್ರಿ.ಪೂ. 399, ಆಪಾದಿತನಿಗೆ ಎಪ್ಪತ್ತು ವರ್ಷ. ದಾವೆ ಹೂಡಿದವನು ಮೆಲೆಟಸ್, ಅವನ ಬೆನ್ನಿಗೆ ಅನಿಟಸ್ ಮತ್ತು ಲೈಕಾನ್. ನಗರ ನಂಬುವ ದೇವರುಗಳನ್ನು ನಂಬುವುದಿಲ್ಲ, ಹೊಸ ದೈವಗಳನ್ನು ತರುತ್ತಾನೆ, ಯುವಕರನ್ನು ಕೆಡಿಸುತ್ತಾನೆ ಎಂಬುದು ಆರೋಪ. ಅಥೆನ್ಸಿನಲ್ಲಿ ಸರ್ಕಾರಿ ವಕೀಲ ಎಂಬ ಹುದ್ದೆ ಇರಲಿಲ್ಲ. ಸಾರ್ವಜನಿಕ ಅಪರಾಧವಾದರೆ ಇಷ್ಟವಿದ್ದ ಯಾವ ಪ್ರಜೆ ಬೇಕಾದರೂ ದಾವೆ ಹೂಡಬಹುದಿತ್ತು. ಕ್ರಿ.ಪೂ. 594ರ ಸುಮಾರಿಗೆ ಅಥೆನ್ಸಿನ ಶಾಸನಕಾರ ಸೋಲನ್ ತಂದ ಸುಧಾರಣೆ ಇದು. ಅನ್ಯಾಯಕ್ಕೊಳಗಾದವನು ದುರ್ಬಲನಾಗಿದ್ದರೆ ಅವನ ಪರವಾಗಿ ಇನ್ನೊಬ್ಬ ನಿಲ್ಲಲಿ ಎಂಬ ಆಶಯ ಅದರ ಹಿಂದಿತ್ತು. ಸಾಲಕ್ಕೆ ದೇಹವನ್ನೇ ಅಡವಿಡುವುದಕ್ಕೆ ನಿಷೇಧ, ಜನರ ನ್ಯಾಯಾಲಯಕ್ಕೆ ಮೇಲ್ಮನವಿ ಹೋಗುವ ಹಕ್ಕು, ಇವುಗಳ ಜೊತೆ ಸೋಲನ್ನನ ಮೂರು ಅತ್ಯಂತ ಜನಪರ ಕ್ರಮಗಳಲ್ಲಿ ಇದೂ ಒಂದು ಎಂದು ಅರಿಸ್ಟಾಟಲನ ಹೆಸರಿನಲ್ಲಿರುವ 'ಅಥೆನ್ಸಿನ ಸಂವಿಧಾನ' ಹೇಳುತ್ತದೆ. ಅದೇ ಹಕ್ಕನ್ನು ಮೆಲೆಟಸನೂ ಬಳಸಿಕೊಂಡ. ದುರುದ್ದೇಶದ ದಾವೆಗಳಿಗೆ ಒಂದು ತಡೆಯೂ ಇತ್ತು: ಒಟ್ಟು ಮತಗಳಲ್ಲಿ ಐದನೇ ಒಂದು ಪಾಲಾದರೂ ಬೀಳದಿದ್ದರೆ ದಾವೆದಾರ 1000 ದ್ರಾಕ್ಮ (ಅಥೆನ್ಸಿನ ಬೆಳ್ಳಿ ನಾಣ್ಯ) ದಂಡ ತೆರಬೇಕು. ಉಳಿದಿಬ್ಬರು ಜೊತೆಗೂಡದೇ ಇದ್ದಿದ್ದರೆ ಮೆಲೆಟಸ್ ಆ ದಂಡ ಕಟ್ಟಬೇಕಾಗುತ್ತಿತ್ತು ಎಂದು ಸಾಕ್ರೆಟಿಸ್ ತುಂಬಿದ ನ್ಯಾಯಾಲಯದಲ್ಲೇ ಹೇಳುತ್ತಾನೆ.

ಈಗ ಮತಗಳ ಲೆಕ್ಕ. ಮೂವತ್ತು ಮತ ಆಚೆಗೆ ಬಿದ್ದಿದ್ದರೆ ನನಗೆ ಬಿಡುಗಡೆಯಾಗುತ್ತಿತ್ತು ಎಂಬ ಅವನ ಮಾತನ್ನು ಪ್ಲೇಟೊ, ನ್ಯಾಯಾಲಯದಲ್ಲಿ ಸಾಕ್ರೆಟಿಸ್ ಆಡಿದ ಮಾತುಗಳ ನಿರೂಪಣೆಯಾದ 'ಅಪಾಲಜಿ'ಯಲ್ಲಿ ದಾಖಲಿಸಿದ್ದಾನೆ. ಮತ ಸಮವಾದರೆ ಆಪಾದಿತನೇ ಗೆದ್ದಂತೆ ಎಂಬುದು ನಿಯಮ. ಜೂರಿಯ, ಅಂದರೆ ತೀರ್ಪು ಕೊಡಲು ಕೂತ ಸಾಮಾನ್ಯ ಪ್ರಜೆಗಳ, ಸಂಖ್ಯೆ 500 ಎಂದಿಟ್ಟುಕೊಂಡರೆ 280 ಮಂದಿ ತಪ್ಪಿತಸ್ಥನೆಂದೂ 220 ಮಂದಿ ಅಲ್ಲವೆಂದೂ ಹೇಳಿದಂತಾಯಿತು. ದಿನವಿಡೀ ಎರಡೂ ಕಡೆಯ ವಾದ ಕೇಳಿ, ಗುಟ್ಟಾಗಿ ಮತ ಹಾಕಿ, ಅರ್ಧಕ್ಕೆ ಅರ್ಧ ಎನ್ನುವಷ್ಟು ಒಡೆದುಹೋದ ಸಭೆಯನ್ನು ಆವೇಶದ ಗುಂಪು ಎಂದು ಕರೆಯುವುದು ಸಲ್ಲದು. ಹಾಗಾದರೆ ತಪ್ಪಾದದ್ದೆಲ್ಲಿ? ಅದಕ್ಕೆ ಆ ನ್ಯಾಯಾಲಯದ ಒಳಗು ತಿಳಿಯಬೇಕು.

'ಅಥೆನ್ಸಿನ ಸಂವಿಧಾನ' ನಮಗೆ ದೊರೆತದ್ದು ಈಜಿಪ್ಟಿನಲ್ಲಿ ಸಿಕ್ಕ ಪಪೈರಸ್ ಸುರುಳಿಗಳಿಂದ, ಮುದ್ರಣವಾದದ್ದು 1891ರಲ್ಲಿ. ಅದರ ಕೊನೆಯ ಅಧ್ಯಾಯಗಳು, 63ರಿಂದ 69ರವರೆಗೆ, ಜೂರಿ ಪದ್ಧತಿಯನ್ನು ಹೆಜ್ಜೆಹೆಜ್ಜೆಯಾಗಿ ಬಿಡಿಸಿಡುತ್ತವೆ. ಸಾಕ್ರೆಟಿಸನಿಗಿಂತ ಎರಡು ತಲೆಮಾರು ಈಚಿನ ಚಿತ್ರ ಅದು. 399ರಲ್ಲಿ ಸಲಕರಣೆ ಇಷ್ಟು ಬೆಳೆದಿರಲಿಲ್ಲ. ಆದರೆ ಚೀಟಿ ಎತ್ತಿ ಆರಿಸುವುದು, ಗುಪ್ತ ಮತ, ದಿನಗೂಲಿ ಎಲ್ಲವೂ ಆಗಲೇ ಇದ್ದವು. ಮೂವತ್ತು ವರ್ಷ ದಾಟಿದ ಪ್ರಜೆ ಜೂರಿಯಾಗಬಹುದು. ಪ್ರತಿಯೊಬ್ಬನ ಬಳಿ ಅವನ ಹೆಸರು, ತಂದೆಯ ಹೆಸರು, ಊರು ಮತ್ತು ಒಂದು ಅಕ್ಷರ ಕೊರೆದ ಮರದ ಬಿಲ್ಲೆ ಇರುತ್ತದೆ. ಪ್ರಜೆಗಳನ್ನು ಹಂಚಿದ್ದ ಹತ್ತು ಕುಲಗಳಿಗೆ ಹತ್ತು ಬಾಗಿಲು, ಪ್ರತಿ ಬಾಗಿಲಲ್ಲಿ ಎರಡೆರಡು ಆಯ್ಕೆಯಂತ್ರ. ಯಂತ್ರವೆಂದರೆ ಸಾಲುಸಾಲು ಸೀಳುಗಳಿರುವ ನಿಲುಗಲ್ಲು. ಅದರ ತುಂಡುಗಳನ್ನು ಅಥೆನ್ಸಿನ ಅಗೋರಾ (ಹಳೆಯ ಸಂತೆಚೌಕ) ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ನೋಡಬಹುದು. ಬಿಲ್ಲೆಗಳನ್ನು ಸೀಳುಗಳಿಗೆ ಸಿಕ್ಕಿಸಿ, ಪಕ್ಕದ ಕೊಳವೆಯೊಳಕ್ಕೆ ಕಪ್ಪು ಬಿಳಿ ದಾಳಗಳನ್ನು ಸುರಿಯುತ್ತಾರೆ. ಒಂದು ದಾಳಕ್ಕೆ ಐದು ಬಿಲ್ಲೆಗಳ ಒಂದು ಸಾಲು. ಬಿಳಿ ದಾಳ ಬಿದ್ದರೆ ಆ ಐವರೂ ಒಳಗೆ, ಕಪ್ಪು ಬಿದ್ದರೆ ಐವರೂ ಮನೆಗೆ. ಒಳಗೆ ಹೋದವನು ಅಕ್ಷರ ಬರೆದ ಗುಂಡೊಂದನ್ನು ಎತ್ತಬೇಕು. ಯಾವ ನ್ಯಾಯಾಲಯಕ್ಕೆ ಹೋಗಬೇಕೆಂದು ಅದು ಹೇಳುತ್ತದೆ. ಆ ನ್ಯಾಯಾಲಯದ ಬಾಗಿಲ ಬಣ್ಣದ್ದೇ ಕೋಲೊಂದನ್ನು ಅವನ ಕೈಗೆ ಕೊಡುತ್ತಾರೆ. ಬೇರೆ ಬಣ್ಣದ ಬಾಗಿಲಿಗೆ ಹೋದರೆ ಸಿಕ್ಕಿಬೀಳುತ್ತಾನೆ.

ಇಷ್ಟೆಲ್ಲ ಜಂಜಾಟ ಲಂಚದ ಭಯಕ್ಕೆ. ಯಾರು ಯಾವ ಮೊಕದ್ದಮೆ ಕೇಳುತ್ತಾರೆ ಎಂಬುದು ಆ ಬೆಳಗಿನವರೆಗೂ ಯಾರಿಗೂ ಗೊತ್ತಾಗದಿದ್ದರೆ ಕೊಡುವುದು ಯಾರಿಗೆ? ಜೂರಿಗೆ ಲಂಚ ಕೊಡುವ ಚಾಳಿಯನ್ನು ಶುರುಮಾಡಿದವನು ಅನಿಟಸ್ ಎಂದು ಇದೇ ಗ್ರಂಥ ಹೇಳುತ್ತದೆ. ಸಾಕ್ರೆಟಿಸನ ಎದುರು ನಿಂತ ಮೂವರಲ್ಲಿ ಒಬ್ಬನಾದ ಅದೇ ಅನಿಟಸ್.

ವಾದಕ್ಕೆ ಕಾಲ ಅಳೆಯುವುದು ನೀರಿನ ಗಡಿಗೆಯಿಂದ. ಅಗೋರಾದ ಉತ್ಖನನದಲ್ಲಿ ಸಿಕ್ಕ ಮಣ್ಣಿನ ಗಡಿಗೆಯೊಂದು ಸುಮಾರು 6.4 ಲೀಟರ್ ಹಿಡಿಯುತ್ತದೆ, ಸುಮಾರು ಆರು ನಿಮಿಷಕ್ಕೆ ಬರಿದಾಗುತ್ತದೆ. 5000 ದ್ರಾಕ್ಮ ಮೀರಿದ ಖಾಸಗಿ ವ್ಯಾಜ್ಯಕ್ಕೆ ಮೊದಲ ವಾದಕ್ಕೆ ಇಂಥ ಐದು ಗಡಿಗೆಯಷ್ಟು ನೀರು, ಅಂದರೆ ಅರ್ಧ ಗಂಟೆ. ಸಾಕ್ಷ್ಯ ಅಥವಾ ಕಾನೂನಿನ ಪಾಠ ಓದುವಾಗ ತೂತು ಮುಚ್ಚುತ್ತಾರೆ. ಸಾರ್ವಜನಿಕ ಮೊಕದ್ದಮೆಗೆ ಇಡೀ ದಿನ ಮೀಸಲು. ಅದರಲ್ಲಿ ಒಂದು ಪಾಲು ದಾವೆದಾರನಿಗೆ, ಒಂದು ಆಪಾದಿತನಿಗೆ, ಒಂದು ಶಿಕ್ಷೆಯ ನಿರ್ಧಾರಕ್ಕೆ. ಕೊನೆಗೆ ಪ್ರತಿ ಜೂರಿಯ ಕೈಗೆ ಎರಡು ಕಂಚಿನ ಬಿಲ್ಲೆ. ಎರಡಕ್ಕೂ ನಡುವೆ ಅಚ್ಚು, ಒಂದರದು ಟೊಳ್ಳು, ಇನ್ನೊಂದರದು ಗಟ್ಟಿ. ಟೊಳ್ಳು ಮೊದಲು ಮಾತಾಡಿದವನಿಗೆ, ಗಟ್ಟಿ ಎರಡನೆಯವನಿಗೆ. ಹೆಬ್ಬೆರಳು ತೋರುಬೆರಳುಗಳಲ್ಲಿ ಅಚ್ಚಿನ ತುದಿಗಳನ್ನು ಮುಚ್ಚಿ ಹಿಡಿದರೆ ಪಕ್ಕದವನಿಗೂ ಗೊತ್ತಾಗುವುದಿಲ್ಲ. ಎಣಿಕೆಯ ಬಿಲ್ಲೆ ಕಂಚಿನ ಪಾತ್ರೆಗೆ, ಬೇಡದ್ದು ಮರದ ಪಾತ್ರೆಗೆ. ಮತ ಹಾಕಿದವನಿಗೆ ಮೂರು ಓಬಲ್ ಕೂಲಿ, ಅಂದರೆ ಅರ್ಧ ದ್ರಾಕ್ಮ.

ಬಡವನೂ ನ್ಯಾಯಪೀಠದಲ್ಲಿ ಕೂರುವಂತೆ, ಸಿರಿವಂತ ಅವನನ್ನು ಕೊಳ್ಳದಂತೆ ಇಷ್ಟು ಜಾಣ್ಮೆಯ ವ್ಯವಸ್ಥೆ ಕಟ್ಟಿದವರನ್ನು ವ್ಯಕ್ತಿಗೆ ಬೆಲೆ ಕೊಡದವರು ಎನ್ನುವುದು ನನಗಂತೂ ಒಪ್ಪಿಗೆಯಾಗದು. ಆದರೆ ಇದರ ಕೊರತೆಗಳೂ ಅಷ್ಟೇ ಗಂಭೀರ. ಜೂರಿಯವರು ತಮ್ಮತಮ್ಮಲ್ಲಿ ಚರ್ಚಿಸುವಂತಿರಲಿಲ್ಲ. ಕಾನೂನು ಏನು ಹೇಳುತ್ತದೆ ಎಂದು ತಿಳಿಸಲು ಕಲಿತ ನ್ಯಾಯಾಧೀಶನಿಲ್ಲ; ಅಧ್ಯಕ್ಷತೆ ವಹಿಸಿದ ಅಧಿಕಾರಿಯದು ಕಲಾಪ ನಡೆಸುವ ಕೆಲಸ ಮಾತ್ರ. ಈ ಜೂರಿಯ ತೀರ್ಪಿನ ಮೇಲೆ ಮತ್ತೆ ಮೇಲ್ಮನವಿ ಇಲ್ಲ. ಏನಿದ್ದರೂ ಸೂರ್ಯ ಮುಳುಗುವುದರೊಳಗೆ ಮುಗಿಯಬೇಕು. ಬೇರೆ ಕಡೆ ಇರುವಂತೆ ಮರಣದಂಡನೆಯ ಮೊಕದ್ದಮೆಗಳನ್ನು ಹಲವು ದಿನ ನಡೆಸುವ ಕಾನೂನು ನಿಮ್ಮಲ್ಲೂ ಇದ್ದಿದ್ದರೆ ನಿಮ್ಮನ್ನು ಒಪ್ಪಿಸುತ್ತಿದ್ದೆ ಎಂದು ಸಾಕ್ರೆಟಿಸ್ ನೇರವಾಗಿಯೇ ಹೇಳುತ್ತಾನೆ. ಇನ್ನೂ ಒಂದು ಕೊರತೆ: ದೈವನಿಂದೆ ಎಂದರೇನು ಎಂದು ಕಾನೂನು ಬಿಡಿಸಿ ಹೇಳಿರಲಿಲ್ಲ. ಪ್ಲೇಟೊನ 'ಯೂತಿಫ್ರೊ' ಸಂವಾದ ನಡೆಯುವುದು ಪ್ರಾಥಮಿಕ ವಿಚಾರಣೆಗೆ ಸಾಕ್ರೆಟಿಸ್ ಬಂದ ರಾಜ ಆರ್ಖಾನನ, ಅಂದರೆ ದೈವನಿಂದೆಯ ದಾವೆಗಳನ್ನು ಸ್ವೀಕರಿಸುವ ಅಧಿಕಾರಿಯ, ಕಟ್ಟಡದ ಬಳಿ. (ಅದರ ಅಡಿಪಾಯ 1970ರಲ್ಲಿ ಅಗೆತಕ್ಕೆ ಸಿಕ್ಕಿತು.) ಧರ್ಮನಿಷ್ಠೆ ಎಂದರೇನು ಎಂಬುದೇ ಅಲ್ಲಿ ಅವನ ಪ್ರಶ್ನೆ. ಎಷ್ಟೋ ಜನ ಅದನ್ನು ಬರಿಯ ತರ್ಕದ ಕಸರತ್ತು ಎಂದು ಓದುತ್ತಾರೆ. ಆದರೆ ಆರೋಪಪಟ್ಟಿಯ ತಿರುಳೇ ಆ ಪ್ರಶ್ನೆಯಲ್ಲಿದೆ.

ಅತಿ ಹೆಚ್ಚು ಹಾನಿ ಮಾಡಿದ್ದು ಶಿಕ್ಷೆಯ ಹಂತ. ಕಾನೂನಿನಲ್ಲಿ ಶಿಕ್ಷೆ ನಿಗದಿಯಾಗದ ಮೊಕದ್ದಮೆಗಳಲ್ಲಿ ದಾವೆದಾರ ಒಂದು ಶಿಕ್ಷೆ ಸೂಚಿಸುತ್ತಾನೆ, ತಪ್ಪಿತಸ್ಥ ಇನ್ನೊಂದು. ಜೂರಿ ಎರಡರಲ್ಲಿ ಒಂದನ್ನು ಆರಿಸಬೇಕು. ನಡುವಿನದನ್ನು ತಾನೇ ಹುಡುಕುವಂತಿಲ್ಲ. ಮೆಲೆಟಸ್ ಮರಣದಂಡನೆ ಕೇಳಿದ. ನಗರದ ಖರ್ಚಿನಲ್ಲಿ ಊಟವೇ ತನಗೆ ತಕ್ಕದ್ದು ಎಂದ ಸಾಕ್ರೆಟಿಸ್, ಆಮೇಲೆ ಒಂದು ಮಿನಾ ದಂಡ ಕೊಡಬಲ್ಲೆ ಎಂದ. ಕಡೆಗೆ ಪ್ಲೇಟೊ, ಕ್ರೀಟೊ ಮೊದಲಾದ ಗೆಳೆಯರ ಜಾಮೀನಿನ ಮೇಲೆ 30 ಮಿನಾ. ಒಂದು ಮಿನಾಕ್ಕೆ 100 ದ್ರಾಕ್ಮ, ನುರಿತ ಕೆಲಸಗಾರನ ದಿನಗೂಲಿ ಸುಮಾರು ಒಂದು ದ್ರಾಕ್ಮ. 3000 ದಿನದ ಕೂಲಿ ಸಣ್ಣ ಮೊತ್ತವಲ್ಲ. ಆದರೆ ಹೊತ್ತು ಮೀರಿತ್ತು. ಶತಮಾನಗಳ ನಂತರ ಬರೆದ ಡಯೋಜಿನಿಸ್ ಲೇರ್ಟಿಯಸನ ಪ್ರಕಾರ, ಮರಣದಂಡನೆಗೆ ಮೊದಲಿನದಕ್ಕಿಂತ 80 ಮತ ಹೆಚ್ಚು ಬಿದ್ದವು. ಅಂದರೆ ನಿರ್ದೋಷಿ ಎಂದಿದ್ದವರಲ್ಲೇ 80 ಮಂದಿ ಸಾವನ್ನು ಆರಿಸಿದರು. ಅದನ್ನು ಕ್ರೌರ್ಯವೆಂದು ಬಿಟ್ಟುಬಿಡುವ ಮೊದಲು ಅವರ ಮುಂದಿದ್ದ ಆಯ್ಕೆಗಳು ಎರಡೇ ಎಂಬುದನ್ನು ನೆನೆಯಬೇಕು.

ಈಗ ಪ್ಲೇಟೊ. ನಿಮ್ಮ ಲೇಖಕರು 'ರಿಪಬ್ಲಿಕ್'ಗೆ ನಿಂತುಬಿಟ್ಟಿದ್ದಾರೆ. ಅದರಲ್ಲಿ ನ್ಯಾಯವೆಂದರೆ ಪ್ರತಿಯೊಬ್ಬನೂ ತನ್ನ ಪಾಲಿನ ಕೆಲಸ ಮಾಡುವುದು, ಆತ್ಮದ ಮೂರು ಭಾಗಗಳಲ್ಲೂ ನಗರದ ಮೂರು ವರ್ಗಗಳಲ್ಲೂ. ಇದು ಚಾತುರ್ವರ್ಣ್ಯವೇ ಎಂಬ ಅವರ ಮಾತು ನಿಲ್ಲುವುದಿಲ್ಲ. ಪ್ಲೇಟೊನ ಕಥೆಯಲ್ಲಿ ಆಳುವವರದು ಚಿನ್ನದ ಗುಣ, ದುಡಿಯುವವರದು ಕಂಚು ಕಬ್ಬಿಣದ ಗುಣ: ಕಂಚಿನ ತಂದೆತಾಯಿಗೆ ಚಿನ್ನದ ಮಗು ಹುಟ್ಟಿದರೆ ಮೇಲಕ್ಕೆ ಏರಿಸಬೇಕು, ಚಿನ್ನದವರಿಗೆ ಕಬ್ಬಿಣದ ಮಗು ಹುಟ್ಟಿದರೆ ಕರುಣೆಯಿಲ್ಲದೆ ಇಳಿಸಬೇಕು ಎಂದು ಮೂರನೆಯ ಭಾಗದಲ್ಲೇ ಸ್ಪಷ್ಟವಾಗಿದೆ. ಆ ನಗರದಲ್ಲಿ ನ್ಯಾಯಾಲಯಕ್ಕೆ ಹೆಚ್ಚು ಕೆಲಸವಿಲ್ಲ. ಒಳ್ಳೆಯ ನ್ಯಾಯಾಧೀಶರು ಬೇಕಾಗುವುದೇ ಕೆಟ್ಟ ಶಿಕ್ಷಣದ ಗುರುತು ಎನ್ನುತ್ತಾನೆ ಪ್ಲೇಟೊ. ಅಲ್ಲಿ ವ್ಯಕ್ತಿಗೆ ಉಸಿರಾಡಲು ಜಾಗ ಕಡಿಮೆ ಎಂಬ ಆಕ್ಷೇಪವನ್ನು ನಾನೂ ಒಪ್ಪುತ್ತೇನೆ. ಆದರೆ ಮುಪ್ಪಿನಲ್ಲಿ ಅವನು ಬರೆದ, ಹನ್ನೆರಡು ಭಾಗಗಳ 'ಕಾನೂನುಗಳು' ಬೇರೆಯೇ ಮಾತಾಡುತ್ತದೆ. ಬಾಯಿ ಬಿಡದ ನ್ಯಾಯಾಧೀಶ ಸರಿಯಾಗಿ ತೀರ್ಪು ಕೊಡಲಾರ ಎನ್ನುತ್ತದೆ ಆರನೆಯ ಭಾಗ. ಖಾಸಗಿ ವ್ಯಾಜ್ಯಕ್ಕೆ ಅಲ್ಲಿ ಮೂರು ಮೆಟ್ಟಿಲು: ಮೊದಲು ವಿಷಯ ಬಲ್ಲ ನೆರೆಹೊರೆಯವರು, ಆಮೇಲೆ ಚೀಟಿ ಎತ್ತಿ ಆರಿಸಿದ ಕುಲದ ನ್ಯಾಯಾಲಯ, ಕೊನೆಗೆ ಅಧಿಕಾರಿಗಳೊಳಗಿಂದ ಚುನಾಯಿತರಾದ ಮೇಲ್ಮನವಿಯ ಪೀಠ. ಸುಮ್ಮನೆ ಮೇಲ್ಮನವಿಗೆ ಹೋಗದಂತೆ ತಡೆ: ಎರಡನೆಯ ಮೆಟ್ಟಿಲಲ್ಲೂ ಸೋತ ಪ್ರತಿವಾದಿ ಐದನೇ ಒಂದು ಪಾಲು ಹೆಚ್ಚು ತೆರಬೇಕು, ಮೂರನೆಯದರಲ್ಲಿ ಸೋತರೆ ಅರ್ಧದಷ್ಟು ಹೆಚ್ಚು.

ಮರಣದಂಡನೆಯ ಮೊಕದ್ದಮೆಗೆ ಒಂಬತ್ತನೆಯ ಭಾಗದಲ್ಲಿ ಅವನು ಹಾಕಿಕೊಟ್ಟ ಕ್ರಮ ನೋಡಿ. ನ್ಯಾಯಾಧೀಶರು ವಯಸ್ಸಿನ ಕ್ರಮದಲ್ಲಿ ಹತ್ತಿರ ಕೂರುತ್ತಾರೆ. ವಾದಗಳು ಮುಗಿದ ಮೇಲೆ ಹಿರಿಯನಿಂದ ಮೊದಲುಗೊಂಡು ಒಬ್ಬೊಬ್ಬರೂ ಪ್ರಶ್ನೆ ಕೇಳುತ್ತಾರೆ. ಹೇಳಿದ್ದನ್ನು ಬರೆದು, ಎಲ್ಲ ನ್ಯಾಯಾಧೀಶರೂ ಮುದ್ರೆ ಒತ್ತಿ, ಹೆಸ್ಟಿಯಾ ದೇವಿಯ ಬಲಿಪೀಠದ ಮೇಲಿಡುತ್ತಾರೆ. ಮರುದಿನ ಮತ್ತೆ ಅದೇ, ಮೂರನೆಯ ದಿನವೂ ಅದೇ. ಮೂರು ಸಲ ಸಾಕ್ಷ್ಯ ತೂಗಿದ ಬಳಿಕ ಪ್ರತಿಜ್ಞೆ ಮಾಡಿ ಬಹಿರಂಗವಾಗಿ ಮತ. ಒಂದೇ ದಿನ, ಮೌನದ ಜೂರಿ, ಗುಪ್ತ ಮತ ಎಂಬ ಅಥೆನ್ಸಿನ ಮೂರು ಕಟ್ಟಳೆಗಳಿಗೂ ಇಲ್ಲಿ ಒಂದೊಂದಾಗಿ ಉತ್ತರವಿದೆ. ಗುರುವಿನ ವಿಚಾರಣೆಯನ್ನು ಕಣ್ಣಾರೆ ಕಂಡವನು, ಅರ್ಧ ಶತಮಾನ ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಇದು. ರಾಜ್ಯದ ವಿರುದ್ಧದ ಅಪರಾಧಗಳಲ್ಲಿ ಮೊಕದ್ದಮೆಯ ಆರಂಭ ಮತ್ತು ಅಂತಿಮ ನಿರ್ಣಯ ಜನರದ್ದೇ. ನಡುವಿನ ತನಿಖೆ ಮಾತ್ರ ಮೂವರು ಉನ್ನತಾಧಿಕಾರಿಗಳದ್ದು. ತೀರ್ಪು ಕೊಡುವುದರಲ್ಲಿ ಪಾಲಿಲ್ಲದವನು ಈ ನಗರವೇ ತನ್ನದಲ್ಲ ಎಂದುಕೊಳ್ಳುತ್ತಾನೆ ಎಂದು ಪ್ಲೇಟೊ ಅದಕ್ಕೆ ಕಾರಣವನ್ನೂ ಕೊಡುತ್ತಾನೆ. ಜನರನ್ನು ತಿರಸ್ಕರಿಸಿದವನ ಮಾತೇ ಇದು? ಇದೇ ಗ್ರಂಥದ ಹತ್ತನೆಯ ಭಾಗ ಮಾತ್ರ ಎದೆಗೆ ಚುಚ್ಚುತ್ತದೆ. ದೇವರನ್ನು ನಂಬದ, ಆದರೆ ನಡತೆಯಲ್ಲಿ ಸಜ್ಜನನಾದವನಿಗೆ ಕನಿಷ್ಠ ಐದು ವರ್ಷ ಸೆರೆ, ಮತ್ತೆ ತಪ್ಪಿದರೆ ಮರಣದಂಡನೆ. ವಿಚಾರಣೆಯ ಕ್ರಮವನ್ನು ತಿದ್ದಿದ ಪ್ಲೇಟೊ ಆ ಆರೋಪವನ್ನು ತೆಗೆದುಹಾಕಲಿಲ್ಲ.

ಅರಿಸ್ಟಾಟಲ್ ಇದಕ್ಕೆ ಎದುರು ಬದಿಯಿಂದ ಬರುತ್ತಾನೆ. 'ಪಾಲಿಟಿಕ್ಸ್'ನ ಮೂರನೆಯ ಭಾಗದಲ್ಲಿ ಪ್ರಜೆ ಯಾರು ಎಂಬ ಪ್ರಶ್ನೆಗೆ ಅವನ ಉತ್ತರ: ತೀರ್ಪು ಕೊಡುವುದರಲ್ಲಿ ಮತ್ತು ಅಧಿಕಾರದಲ್ಲಿ ಪಾಲು ಉಳ್ಳವನು. ಹುಟ್ಟಿದ ನೆಲವಾಗಲಿ ವಾಸದ ಮನೆಯಾಗಲಿ ಸಾಲದು. ರಾಜ್ಯ ಮೇಲೆ, ವ್ಯಕ್ತಿ ಕೆಳಗೆ ಎಂಬ ಚಿತ್ರ ಇಲ್ಲಿ ಹೊಂದುವುದೇ ಇಲ್ಲ. ಜೂರಿಯ ಮೌನದ ವಿಷಯದಲ್ಲೂ ಅವನು ಪ್ಲೇಟೊನ ಮಾತಿಗೆ ಸುಲಭವಾಗಿ ತಲೆಯಾಡಿಸುವವನಲ್ಲ. ಪಿರೇಯಸ್ ಬಂದರಿನ ಬೀದಿಗಳನ್ನು ರೂಪಿಸಿದ ಹಿಪ್ಪೊಡೇಮಸ್, ಜೂರಿಯವರು ಹೌದು-ಇಲ್ಲ ಎನ್ನುವ ಬದಲು ಎಷ್ಟು ಹೌದು ಎಷ್ಟು ಇಲ್ಲ ಎಂದು ಹಲಗೆಯ ಮೇಲೆ ಬರೆದು ಕೊಡಲಿ ಎಂದಿದ್ದ. ಅರಿಸ್ಟಾಟಲ್ ಲೆಕ್ಕ ಹಾಕಿ ತೋರಿಸುತ್ತಾನೆ: ವಾದಿ 20 ಮಿನಾ ಕೇಳುತ್ತಾನೆ, ಒಬ್ಬ ಜೂರಿ 10 ಎನ್ನುತ್ತಾನೆ, ಇನ್ನೊಬ್ಬ 5, ಮತ್ತೊಬ್ಬ 4, ಕೆಲವರು ಪೂರ್ತಿ ಕೊಡಿ ಎನ್ನುತ್ತಾರೆ, ಕೆಲವರು ಬಿಡಿಗಾಸೂ ಬೇಡ ಎನ್ನುತ್ತಾರೆ. ಈ ಮತಗಳನ್ನು ಕೂಡುವುದು ಹೇಗೆ? ಪಂಚಾಯ್ತಿಕೆಯಲ್ಲಾದರೆ ಕೂತು ಮಾತಾಡಿ ಒಂದು ಮೊತ್ತಕ್ಕೆ ಬರಬಹುದು. ನೂರಾರು ಜನರ ಜೂರಿಯಲ್ಲಿ ಆಗದು. ಈ ಪುಟ್ಟ ವಾದ ಓದಿದರೆ ಅಥೆನ್ಸ್ ಎರಡೇ ಶಿಕ್ಷೆಗಳ ನಡುವೆ ಆರಿಸಿ ಎಂದದ್ದೇಕೆ ಎಂಬುದು ಹೊಳೆಯುತ್ತದೆ. 500 ಜನ ಚರ್ಚೆಯಿಲ್ಲದೆ ಒಂದು ನಿರ್ಣಯಕ್ಕೆ ಬರಬೇಕಾದರೆ ಬೇರೆ ದಾರಿ ಇರಲಿಲ್ಲ.

ಕಾನೂನು ಎಲ್ಲರಿಗೂ ಒಂದೇ ಅಳತೆಯಲ್ಲಿ ಇರಬೇಕು. ಆದರೆ ಘಟನೆಗಳು ಹಾಗಿರುವುದಿಲ್ಲ. ಇದಕ್ಕೆ 'ರೆಟರಿಕ್'ನಲ್ಲಿ ಅವನು ಕೊಡುವ ಉದಾಹರಣೆ ಉಂಗುರದ್ದು. ಕಬ್ಬಿಣದಿಂದ ಹೊಡೆದು ಗಾಯ ಮಾಡಿದರೆ ಇಂಥ ಶಿಕ್ಷೆ ಎಂದು ಕಾನೂನು ಬರೆದಿದೆ, ಎಷ್ಟು ದೊಡ್ಡ ಕಬ್ಬಿಣ ಎಂದು ಬರೆದಿಲ್ಲ. ಬೆರಳಲ್ಲಿ ಉಂಗುರ ತೊಟ್ಟವನು ಯಾರಿಗೋ ಕೈ ಎತ್ತಿದರೆ ಅಕ್ಷರದ ಪ್ರಕಾರ ಅಪರಾಧಿ, ನಿಜದಲ್ಲಿ ಅಲ್ಲ. ಆಗ ಕಾನೂನು ಮಾಡಿದವನು ಎದುರಿಗಿದ್ದರೆ ಏನು ಹೇಳುತ್ತಿದ್ದನೋ ಅದನ್ನು ನ್ಯಾಯಾಧೀಶ ಹೇಳಬೇಕು. 'ನಿಕೊಮೇಕಿಯನ್ ಎಥಿಕ್ಸ್'ನ ಐದನೆಯ ಭಾಗದಲ್ಲಿ ಇದನ್ನೇ ಲೆಸ್ಬೊಸ್ ದ್ವೀಪದ ಗಾರೆಯವರ ಸೀಸದ ಅಳತೆಪಟ್ಟಿಗೆ ಹೋಲಿಸುತ್ತಾನೆ. ಕಲ್ಲಿನ ಉಬ್ಬುತಗ್ಗಿಗೆ ತಕ್ಕಂತೆ ಅದು ಬಾಗುತ್ತದೆ. ಒಬ್ಬೊಬ್ಬನ ಸಂದರ್ಭಕ್ಕೂ ಇಷ್ಟು ಗಮನ ಕೊಡುವ ಚಿಂತನೆಯಲ್ಲಿ ವ್ಯಕ್ತಿ ನಗಣ್ಯನಾಗುವುದು ಹೇಗೆ?

ಗುಂಪಿನ ಆವೇಶಕ್ಕೆ ಉದಾಹರಣೆ ಬೇಕೆಂದರೆ ಕ್ರಿ.ಪೂ. 406 ಇದೆ. ಅರ್ಗಿನುಸೈ ನೌಕಾಯುದ್ಧ ಗೆದ್ದೂ ನೀರಿಗೆ ಬಿದ್ದ ಸೈನಿಕರನ್ನು ಎತ್ತಲಾಗದ ಎಂಟು ಸೇನಾಪತಿಗಳಿಗೆ ಜನಸಭೆ ಒಂದೇ ಮತದಲ್ಲಿ ಒಟ್ಟಾಗಿ ಮರಣದಂಡನೆ ವಿಧಿಸಿತು. ಊರಿಗೆ ಮರಳಿದ್ದ ಆರು ಮಂದಿ ಸತ್ತರು. ಜನರಿಗೆ ಬೇಕಾದ್ದನ್ನು ಮಾಡಲು ಬಿಡದಿರುವುದು ಘೋರ ಎಂಬ ಕೂಗು ಎದ್ದಿತ್ತು ಎಂದು ಇತಿಹಾಸಕಾರ ಕ್ಸೆನೊಫಾನ್ ಬರೆದಿದ್ದಾನೆ. ಆ ದಿನ ಅಧ್ಯಕ್ಷಮಂಡಳಿಯಲ್ಲಿದ್ದ ಸಾಕ್ರೆಟಿಸ್ ಇದು ಕಾನೂನಿಗೆ ವಿರುದ್ಧ ಎಂದು ಒಪ್ಪಲಿಲ್ಲ. ಲೇಖನದಲ್ಲಿ ಬಿಟ್ಟುಹೋದದ್ದು ಮುಂದಿನ ಭಾಗ. ಮೂವತ್ತು ಮಂದಿ ನಿರಂಕುಶರ ಆಳ್ವಿಕೆ ಮುಗಿದು 403ರಲ್ಲಿ ಪ್ರಜಾಪ್ರಭುತ್ವ ಮರಳಿದಾಗ ಅಥೆನ್ಸ್ ತನ್ನ ಕೈಯನ್ನು ತಾನೇ ಕಟ್ಟಿಕೊಂಡಿತು: ಸಭೆಯ ಯಾವ ನಿರ್ಣಯವೂ ಕಾನೂನನ್ನು ಮೀರುವಂತಿಲ್ಲ, ಎಲ್ಲರಿಗೂ ಅನ್ವಯಿಸದ ಕಾನೂನನ್ನು ಒಬ್ಬ ವ್ಯಕ್ತಿಯ ಮೇಲೆ ಮಾಡುವಂತಿಲ್ಲ, 6000 ಜನ ಗುಪ್ತ ಮತದಿಂದ ಒಪ್ಪಿದ ಹೊರತು. ಕಾನೂನಿನ ಬದಲು ಸಭೆಯ ನಿರ್ಣಯಗಳೇ ಆಳುವಲ್ಲಿ ಜನರನ್ನು ಪುಸಲಾಯಿಸುವವರು ಹುಟ್ಟಿಕೊಳ್ಳುತ್ತಾರೆ ಎಂಬ ಅರಿಸ್ಟಾಟಲನ ಮಾತಿಗೆ ಹಿನ್ನೆಲೆ ಇದೇ.

'ಕ್ರೀಟೊ' ಸಂವಾದದ ಬಗ್ಗೆಯೂ ಒಂದು ಮಾತು. ಸೆರೆಮನೆಯಿಂದ ತಪ್ಪಿಸಿಕೊಳ್ಳಲು ಒಪ್ಪದ ಸಾಕ್ರೆಟಿಸನನ್ನು ರಾಜ್ಯದ ಆಜ್ಞಾಧಾರಕನಂತೆ ಚಿತ್ರಿಸಲಾಗಿದೆ. ಆದರೆ ಆ ಮೂವತ್ತು ಮಂದಿ ನಿರಂಕುಶರು ಆಳುತ್ತಿದ್ದಾಗ ಸಲಾಮಿಸ್‌ನ ಲಿಯೋನನನ್ನು ಕೊಲ್ಲಲು ಹಿಡಿದು ತನ್ನಿ ಎಂದು ಐವರಿಗೆ ಆಜ್ಞೆಯಾಯಿತು. ನಾಲ್ವರು ಹೋದರು, ಸಾಕ್ರೆಟಿಸ್ ಮನೆಗೆ ಹೋದ. ಚಿಂತನೆ ನಿಲ್ಲಿಸುವ ಷರತ್ತಿನ ಮೇಲೆ ಬಿಟ್ಟರೂ ನಿಲ್ಲಿಸಲಾರೆ ಎಂದು ಜೂರಿಗೇ ಹೇಳಿದ. ಅನ್ಯಾಯ ಮಾಡು ಎಂದರೆ ಮಾಡುವುದಿಲ್ಲ. ಅನ್ಯಾಯ ತನ್ನ ಮೇಲೆ ಬಂದರೆ ಕಾನೂನನ್ನು ಮುರಿದು ಓಡುವುದಿಲ್ಲ. 'ಕ್ರೀಟೊ'ದಲ್ಲಿ ಕಾನೂನುಗಳೇ ಬಂದು, ಒಪ್ಪಿಸು ಇಲ್ಲವೇ ಪಾಲಿಸು ಎನ್ನುತ್ತವೆ. ನಿನಗೆ ಅನ್ಯಾಯ ಮಾಡಿದ್ದು ಮನುಷ್ಯರು, ನಾವಲ್ಲ ಎಂದೂ ಸೇರಿಸುತ್ತವೆ. ಗಾಂಧೀಜಿ 1908ರಲ್ಲಿ ದಕ್ಷಿಣ ಆಫ್ರಿಕಾದ 'ಇಂಡಿಯನ್ ಒಪೀನಿಯನ್' ಪತ್ರಿಕೆಯಲ್ಲಿ 'ಅಪಾಲಜಿ'ಯನ್ನು ಸತ್ಯವೀರನ ಕಥೆಯಾಗಿ ಗುಜರಾತಿಗೆ ತಂದದ್ದು ಇದಕ್ಕೇ. 1910ರಲ್ಲಿ ಬ್ರಿಟಿಷ್ ಸರ್ಕಾರ ಅದನ್ನು 'ಹಿಂದ್ ಸ್ವರಾಜ್' ಜೊತೆ ಮುಟ್ಟುಗೋಲು ಹಾಕಿಕೊಂಡಿತು. ಆಜ್ಞಾಧಾರಕನ ಕಥೆಯಾಗಿದ್ದರೆ ಹೆದರುವ ಅಗತ್ಯವಿರಲಿಲ್ಲ.

ಈ ನ್ಯಾಯವೆಲ್ಲ ಸ್ವತಂತ್ರ ಪ್ರಜೆಗಳಾದ ಗಂಡಸರಿಗೆ ಮಾತ್ರ ಎಂಬುದನ್ನು ಮರೆಮಾಚುವಂತಿಲ್ಲ. ಹೆಣ್ಣಿನ ಪರವಾಗಿ ನ್ಯಾಯಾಲಯದಲ್ಲಿ ಮನೆಯ ಗಂಡಸೇ ಮಾತಾಡಬೇಕು. ಗುಲಾಮನ ಸಾಕ್ಷ್ಯಕ್ಕೆ ಚಿತ್ರಹಿಂಸೆಯಲ್ಲಿ ಹೊರಬಂದರಷ್ಟೇ ಬೆಲೆ. 'ರಿಪಬ್ಲಿಕ್'ನ ಐದನೆಯ ಭಾಗದಲ್ಲಿ ಹೆಂಗಸರಿಗೂ ಆಳುವ ಹಕ್ಕು ಕೊಟ್ಟ ಪ್ಲೇಟೊ ಇಲ್ಲಿ ಅರಿಸ್ಟಾಟಲನಿಗಿಂತ ಎಷ್ಟೋ ಮುಂದಿದ್ದಾನೆ. ಗುಲಾಮಗಿರಿ ಸ್ವಾಭಾವಿಕ ಎಂದ ಅರಿಸ್ಟಾಟಲನನ್ನು ಯಾವ ವಿವರಣೆಯೂ ಕಾಪಾಡದು. ಪ್ರಜೆಯೆಂದರೆ ಯಾರೆಂದು ಬರೆದ ಅವನೇ ಅಥೆನ್ಸಿನಲ್ಲಿ ಪರದೇಶಿ ನಿವಾಸಿಯಾಗಿದ್ದ, ಜೂರಿಯಲ್ಲಿ ಕೂರುವ ಹಕ್ಕು ಅವನಿಗಿರಲಿಲ್ಲ.

ಲೇಖನಮಾಲೆಯ ಮುಂದಿನ ಕಂತು ಪ್ಲೇಟೊ ಕುರಿತು ಎಂದು ಪ್ರಕಟಿಸಿದ್ದೀರಿ. 'ರಿಪಬ್ಲಿಕ್' ಜೊತೆ 'ಕಾನೂನುಗಳು' ಗ್ರಂಥದ ಆರು, ಒಂಬತ್ತು ಮತ್ತು ಹತ್ತನೆಯ ಭಾಗಗಳಿಗೂ ಜಾಗ ಕೊಡಿ ಎಂದು ಕೋರುತ್ತೇನೆ. 280–220ರ ಲೆಕ್ಕವನ್ನೂ, ಅದರ ಜೊತೆಗೆ 403ರ ಆ ಎರಡು ನಿಯಮಗಳನ್ನೂ ದಯವಿಟ್ಟು ಒಂದು ಚೌಕಟ್ಟಿನಲ್ಲಿ ಅಚ್ಚುಹಾಕಿ. ಪರೀಕ್ಷೆಗೆ ಓದುವ ಮಕ್ಕಳು ಮೊದಲು ನೋಡುವುದು ಅದನ್ನೇ.

— ತತ್ತ್ವಶಾಸ್ತ್ರದ ನಿವೃತ್ತ ಅಧ್ಯಾಪಕಿ, ಧಾರವಾಡ